ಹದ್ದಿನ ಬೆನ್ನು ಕಂಡ ದಿನ

ಅಣ್ಣಾ,

ನೀನು ಕಾಲು ಜಾರಿ ಬಿದ್ದ ಆ ಬಂಡೆಯಂಚಿನ ದಾರಿಯಲ್ಲಿ ಇವತ್ತು ನಡೆದು ಬಂದೆ. ಅಮ್ಮನಿಗೆ ದರ್ಜಿ ಅಂಗಡಿಗೆ ಹೋಗುತ್ತೇನೆ ಎಂದಿದ್ದೆ. ನೀನು ಹೋದ ಮೇಲೆ ಅವಳು ನನ್ನನ್ನು ಮಹಡಿ ಹತ್ತಲೂ ಬಿಡುವುದಿಲ್ಲ.

ಅರ್ಧ ದಾರಿಯಲ್ಲಿ ಬಂಡೆಗೆ ಬಿಗಿದ ಸರಪಳಿ ಹಿಡಿದು ನಿಂತುಬಿಟ್ಟೆ. ಎದುರಿನಿಂದ ಬಂದವನೊಬ್ಬ, "ಅಕ್ಕಾ, ಕೆಳಗೆ ನೋಡ್ಬೇಡಿ. ನನ್ನ ಮೂತಿ ನೋಡಿ, ಹೆದರೋಕೆ ಅದೇ ಸಾಕು" ಎಂದ. ನಗು ಬಂತು. ಆಮೇಲೆ ಕೆಳಗೇ ನೋಡಿದೆ. ಹದ್ದೊಂದು ನನ್ನ ಪಾದಕ್ಕಿಂತ ಎಷ್ಟೋ ಕೆಳಗೆ ಹಾರುತ್ತಿತ್ತು, ಅದರ ಬೆನ್ನು ಕಾಣುತ್ತಿತ್ತು. ಅಳುವುದಕ್ಕೆಂದು ಹೋದವಳಿಗೆ ಖುಷಿಯಾಯಿತು ಅಣ್ಣಾ. "ಒಂದು ಸಲ ಬಾರೇ" ಎಂದು ನೀನು ಎಷ್ಟು ಕರೆದಿದ್ದೆ.

ಚಪ್ಪಲಿಯ ಮಣ್ಣು ತೊಳೆದೇ ಮನೆಗೆ ಬಂದೆ. ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿ ನನ್ನ ಮುಖ ನೋಡಿದಳು.

"ಅಲ್ಲಿಂದ ಬಂದಾಗ ಅವನೂ ಹೀಗೇ ಇರ್ತಿದ್ದ ಕಣೇ" ಎಂದಳು.

ಬೈಯಲಿಲ್ಲ. ಎದ್ದು ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಮತ್ತೆ ಸುಲಿಯತೊಡಗಿದಳು. ನಾನು ಒಳಗಿನ ಕೋಣೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ನಾಳೆಯೂ ಹೋಗಬೇಕು ಅನ್ನಿಸುತ್ತಿದೆ. ಬುಟ್ಟಿಯ ಬಟಾಣಿ ಮುಗಿದು ಬಹಳ ಹೊತ್ತಾಯಿತು. ಅವಳು ಎದ್ದಿಲ್ಲ.