ಎಂಟೇ ಗಂಟೆಯ ದಾರಿ

ಮಂಗಳವಾರ, ಬೆಳಿಗ್ಗೆ

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದ.

ಸೌಭಾಗ್ಯವತಿ ಎಂದು ಸೇರಿಸುವುದನ್ನು ಈ ಸಲ ಬೇಕೆಂದೇ ಬಿಟ್ಟಿದ್ದೇನೆ. ಹನ್ನೊಂದು ಜನರ ಮನೆಗೆ ನಾನು ಯಜಮಾನಿ, ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ಅಂಗಡಿಯ ಒಡತಿ. ಓದಿದ್ದು ಹೈಸ್ಕೂಲಾದರೂ ನನ್ನ ಮಾತಿಗೆ ಎದುರಾಡಿದವರು ಕಡಿಮೆ. ಆದ್ದರಿಂದ ಹೇಳಿದಷ್ಟು ಮಾಡು. ಔಷಧಿ ಅಂಗಡಿಯವಳು ಈ ಕಾಗದ ಕೊಟ್ಟ ಕೂಡಲೇ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ನಿಲ್ಲು. ಹೊರಗೆ ಕಾರಿನಲ್ಲಿ ಕಾಯುತ್ತಿರುವ ನಿನ್ನ ಗಂಡನಿಗೆ ಮುಖ ಕಾಣಬಾರದು. ಮಾತ್ರೆ ಕೊಡುವುದು ತಡವಾಗುತ್ತದೆ ಎಂದು ಅವನಿಗೆ ಅವಳೇ ಹೇಳುತ್ತಾಳೆ.

ಹೋದ ವಾರ ವಿಡಿಯೋ ಕರೆಯಲ್ಲಿ, ನಿನ್ನನ್ನು ನೋಡಲು ಬರುತ್ತೇನೆ ಎಂದೆ. ಹದಿನಾಲ್ಕು ಗಂಟೆ ವಿಮಾನದಲ್ಲಿ ಕೂರಬೇಕು ಅತ್ತೆ, ಕಾಲು ಊದಿ ಕಂಬ ಆಗುತ್ತೆ, ಈ ವಯಸ್ಸಲ್ಲಿ ಯಾಕೆ ಬೇಕು ನಿಮಗೆ ಎಂದು ಅಳಿಯ ನಕ್ಕ. ಬೆಳಿಗ್ಗೆ ಆರಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಇಳಿಯುವುದಂತೆ, ಬೆರಳು ಮಡಿಸಿ ಎಣಿಸಿ ತೋರಿಸಿದ. ನೀನೂ ಹೌದಮ್ಮ, ಹದಿನಾಲ್ಕು ಎಂದೆ.

ಮೊದಲ ಸಲ ವಿಮಾನ ಹತ್ತುವ ಹಿಂದಿನ ದಿನ ಅಡುಗೆಮನೆ ಕಟ್ಟೆಯ ಮೇಲೆ ಹಿಟ್ಟು ಹರಡಿ ಎರಡು ಗಡಿಯಾರ ಬರೆದವಳು ನೀನು. ಅಲ್ಲಿ ಗಡಿಯಾರ ಆರು ಗಂಟೆ ಮುಂದಿರುತ್ತೆ ಅಮ್ಮ, ನಾನು ಕೂರೋದು ಎಂಟೇ ಗಂಟೆ ಎಂದು, ನನ್ನ ತಲೆಗೆ ಹೋಗುವ ತನಕ ಬಿಡಲಿಲ್ಲ. ಅಂಥವಳು ಹದಿನಾಲ್ಕಕ್ಕೆ ತಲೆಯಾಡಿಸಿದೆ ಎಂದರೆ, ತಲೆ ಮಾತ್ರ ನಿನ್ನದು, ಆಡಿಸಿದವರು ಬೇರೆ.

ಆಮೇಲೆ ನಿನ್ನ ಅಂಗಿ ನೋಡಿದೆ. ನಾನೇ ಹೊಲಿದದ್ದು, ಮೊಣಕೈವರೆಗಿನ ತೋಳು. ಅದಕ್ಕೆ ಬೇರೆ ಬಟ್ಟೆ ಜೋಡಿಸಿ ಮಣಿಕಟ್ಟಿನ ತನಕ ಇಳಿಸಿಕೊಂಡಿದ್ದೆ, ಇಂಥ ಸೆಕೆಯಲ್ಲಿ. ಅವನು ಪಕ್ಕದಲ್ಲೇ ಇದ್ದನೆಂದು ಏನೂ ಕೇಳಲಿಲ್ಲ. ಹೊಲಿಗೆ ಚೆನ್ನಾಗಿದೆ ಎಂದಷ್ಟೇ ಹೇಳಿದೆ. ನೀನು ಕಣ್ಣು ಕೆಳಗೆ ಹಾಕಿದೆ.

ನಿನ್ನ ಅಣ್ಣ ನನ್ನನ್ನು ತಡೆದ. ಅವರ ಸಂಸಾರದಲ್ಲಿ ನೀನ್ಯಾಕಮ್ಮ ತಲೆ ಹಾಕ್ತೀಯ, ಜನ ಏನಂದುಕೊಳ್ತಾರೆ ಎಂದ. ಜನ ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಾರೆ ಕಣೋ, ಅವರ ನಿಜವಾದ ಅಳತೆ ನನ್ನ ಟೇಪಿಗೆ ಗೊತ್ತು ಎಂದೆ. 

ಹಿಂದೊಮ್ಮೆ ಯಾರದೋ ಫೋನಿನಿಂದ ಅಮ್ಮಾ ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದೆಯಲ್ಲ, ಆ ನಂಬರಿಗೆ ನಾನೇ ಮಾಡಿದೆ. ಔಷಧಿ ಅಂಗಡಿಯವಳು ಎತ್ತಿದಳು. ನನ್ನ ಹೈಸ್ಕೂಲ್ ಇಂಗ್ಲಿಷ್ ಸಾಕಾಯಿತು. ನಿನ್ನ ಗಂಡನ ಮಾತ್ರೆಗೆ ಬಂದಾಗ ಮಾತ್ರ ನೀನು ಒಬ್ಬಳೇ ಒಳಗೆ ಬರುವುದೆಂದು, ಕೈಯ ಗಾಯಕ್ಕೆ ತಾನೇ ಪಟ್ಟಿ ಕಟ್ಟಿದ್ದೆಂದು ಹೇಳಿದಳು. ಉಳಿದದ್ದನ್ನು ನಾವಿಬ್ಬರೂ ಸೇರಿ ಗೊತ್ತುಮಾಡಿದೆವು.

ಇನ್ನು ಮನೆಗೆ ಹೋಗಬೇಡ. ಬಟ್ಟೆಬರೆಯ ಆಸೆ ಬೇಡ, ನಾನು ಹೊಲಿಯುತ್ತೇನೆ. ಪಾಸ್‌ಪೋರ್ಟು ಅವನ ಬೀರುವಿನಲ್ಲಿದ್ದರೆ ಅಲ್ಲೇ ಇರಲಿ, ಬೇರೆ ಮಾಡಿಸಬಹುದೆಂದು ನಮ್ಮ ರಾಯಭಾರ ಕಚೇರಿಯಲ್ಲಿ ಕೇಳಿಕೊಂಡಿದ್ದೇನೆ. ಅಂಗಡಿಯ ಹಿಂಬಾಗಿಲ ಓಣಿಯಲ್ಲಿ ಟ್ಯಾಕ್ಸಿ ನಿಂತಿದೆ. ಅವನಿಗೆ ಉತ್ತರ ಕೊಡುವ ಕೆಲಸ ನನ್ನದು.

ಇಂತಿ,
ನಿನ್ನನ್ನು ಹೆತ್ತವಳು

ತಾ.ಕ.: ನಾನು ಕೂತದ್ದು ಎಂಟೇ ಗಂಟೆ, ನಿನ್ನ ಲೆಕ್ಕವೇ ಸರಿ. ಕಾಲು ಊದಿದ್ದು ಮಾತ್ರ ನಿಜ, ಎದ್ದು ಬರಲಾರೆ. ಕೌಂಟರಿನ ಎಡಗಡೆಯ ಪರದೆ ಸರಿಸಿ ನೀನೇ ಒಳಗೆ ಬಾ.