ಮಿನಾಜ ಮತ್ತೆ ಚೆಂಡು ಹಿಡಿದಳು

ಜೇವರ್ಗಿ
14 ಡಿಸೆಂಬರ್ 2024

ಪ್ರೀತಿಯ ಮಿನಾಜಳ ಅಬ್ಬಾ ಅವರಿಗೆ ನಿಮ್ಮ ಖಮರಳ ಸಲಾಂ.

ಹೇಗಿದ್ದೀರಿ? ದಮ್ಮಾಮಿನಲ್ಲೂ ಈಗ ಚಳಿಯಂತೆ, ಬೆಳಗಿನ ಪಾಳಿಗೆ ಹೋಗುವಾಗ ಕಿವಿಗೆ ಮಫ್ಲರ್ ಕಟ್ಟಿಕೊಳ್ಳಿ. ಬೆನ್ನುನೋವು ಹೇಗಿದೆ ಬರೆಯಿರಿ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಅಮ್ಮೀಜಾನರ ಮಂಡಿನೋವು ಇಳಿದಿದೆ. ಅಂಗಳದಲ್ಲಿ ಹಸಿ ತೊಗರಿಕಾಯಿ ಬಿಡಿಸುತ್ತ ಕೂತು ಓಣಿಯವರನ್ನೆಲ್ಲ ಮಾತಾಡಿಸುತ್ತಾರೆ.

ಒಂದು ಸುದ್ದಿಯನ್ನು ಇಷ್ಟು ದಿನ ತಡೆದಿಟ್ಟಿದ್ದೆ. ಅಷ್ಟು ದೂರದ ಸೌದಿಯಲ್ಲಿ ನೀವೊಬ್ಬರೇ ಗಾಬರಿಯಾಗುತ್ತೀರಿ ಎಂದು. ಈಗ ಎಲ್ಲ ಸರಿಹೋಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೀಪಾವಳಿ ರಜೆ ಮುಗಿದ ಮೇಲೆ ಶಾಲೆಯಲ್ಲಿ ಹುಡುಗಿಯರ ಕ್ರಿಕೆಟ್ ತಂಡ ಕಟ್ಟಿದರು. ನಿಮ್ಮ ಮಗಳಿಗೆ ಬೌಲಿಂಗ್ ಹುಚ್ಚು ಹಿಡಿಯಿತು. ಕೈಯಲ್ಲಿ ಬಲವೇನೋ ಇತ್ತು, ಗುರಿ ಇರಲಿಲ್ಲ. ಒಂದು ಸಂಜೆ ಅವಳ ಗೆಳತಿ ಬಸವೇಶ್ವರಿ ಬ್ಯಾಟ್ ಹಿಡಿದಿದ್ದಳು. ಹೆಲ್ಮೆಟ್ ಸಡಿಲವೆಂದು ತೆಗೆದಿಟ್ಟಿದ್ದಳಂತೆ. ಮಿನಾಜ ಹಾಕಿದ ಚೆಂಡು ನೆಲಕ್ಕೆ ಬೀಳದೆ ಸೀದಾ ಆ ಹುಡುಗಿಯ ಹುಬ್ಬಿಗೆ ಬಡಿಯಿತು. ಮುಖವೆಲ್ಲ ರಕ್ತ. ಕಲಬುರಗಿಯ ಡಾಕ್ಟರು ಕಣ್ಣಿಗೇನೂ ಆಗಿಲ್ಲ ಎನ್ನುವತನಕ ನಮ್ಮ ಜೀವದಲ್ಲಿ ಜೀವವಿರಲಿಲ್ಲ. ಅಲ್ಲಾಹನ ಕೃಪೆ, ಹುಬ್ಬಿನ ಮೇಲೆ ಹೊಲಿಗೆಯಷ್ಟೇ ಬಿತ್ತು.

ಮಿನಾಜ ಮಾತ್ರ ಬಾಡಿಹೋದಳು. ಸರಿಯಾಗಿ ಉಣ್ಣಲಿಲ್ಲ. "ನನ್ನ ಕೈನೇ ಛಲೋ ಇಲ್ಲ ಅಮ್ಮಿ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಬೈದೆ, ಮುದ್ದು ಮಾಡಿದೆ, ಯಾವುದಕ್ಕೂ ಏಳಲಿಲ್ಲ. ಕೊನೆಗೆ ಬಂದವಳು ಬಸವೇಶ್ವರಿಯೇ. ಹುಬ್ಬಿನ ಪಟ್ಟಿ ಬಿಚ್ಚಿದ ಮರುದಿನ ತಾಯಿಯ ಜೊತೆ ನಮ್ಮ ಹೊಸ್ತಿಲಲ್ಲಿ ನಿಂತಳು. ಜಗಳಕ್ಕೇ ಬಂದರು ಎಂದುಕೊಂಡೆ. ಆ ಹುಡುಗಿ ನೇರ ಒಳಗೆ ಹೋಗಿ, "ಹಿಂಗ ಎಷ್ಟ ದಿನಾ ಮಲಗ್ತೀಬೇ? ನೀ ಬಾಲ್ ಹಾಕಲಿಲ್ಲಂದ್ರ ನಾ ಯಾರ ಮುಂದ ಆಡ್ಲಿ?" ಎಂದಳು. ಅವಳ ತಾಯಿ ನನ್ನ ಕೈ ಹಿಡಿದು, "ಆಟದಾಗ ಆಗ್ತಾವ್ರಿ. ನಿಮ್ಮ ಮಗಳಿಗಿ ಕಳಸ್ರಿ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ.

ಆಟದ ಟೀಚರ್ ಸುಮಿತ್ರಾಬಾಯಿಯವರು ಮತ್ತೆ ಮೊದಲಿನಿಂದ ಕಲಿಸಿದರು. ಚೆಂಡು ಬಿಡುವ ಗಳಿಗೆಯಲ್ಲಿ ಇವಳು ಕಣ್ಣು ಮುಚ್ಚುತ್ತಿದ್ದಳಂತೆ! ಓಡುವುದನ್ನು ಬಿಡಿಸಿ ನಿಂತಲ್ಲಿಂದಲೇ ಹಾಕಿಸಿದರು. ಚೆಂಡು ಪುಟಿಯಬೇಕಾದ ಜಾಗದಲ್ಲಿ ಒದ್ದೆ ಕರವಸ್ತ್ರ ಹಾಸಿ, "ವಿಕೆಟ್ ಮರ್ತಬಿಡು. ಬಾಲ್ ಕೈ ಬಿಡೂತನಾ ಇದನ್ನೇ ನೋಡು. ಎಡಗೈ ಇದರ ಕಡಿಗೇ ಚಾಚು, ತಲಿ ಅಲ್ಲಾಡಸಬ್ಯಾಡ" ಎಂದರು. ನಾನೂ ಸಂಜೆ ಹೋಗಿ, ಬುರ್ಖಾ ಎತ್ತಿ ಹಿಡಿದುಕೊಂಡು ಚೆಂಡು ಹೆಕ್ಕಿಕೊಟ್ಟೆ. ನಗಬೇಡಿ. ಮೊದಮೊದಲು ಜಾಲಿಗಿಡದ ಮುಳ್ಳಿನಲ್ಲೇ ಹುಡುಕಬೇಕಾಗುತ್ತಿತ್ತು. ಬರಬರುತ್ತ ಚೆಂಡು ಕರವಸ್ತ್ರದ ಅಂಚಿಗೆ ಬಿತ್ತು, ಆಮೇಲೆ ನಡುವಿಗೆ.

ನಿನ್ನೆ ಬಸವೇಶ್ವರಿ ಹೆಲ್ಮೆಟ್ ಬಿಗಿದುಕೊಂಡು ಎದುರಿಗೆ ನಿಂತಳು. ನಾನು ಬೇವಿನ ಮರದ ಕೆಳಗಿದ್ದೆ. ಮಿನಾಜ ಚೆಂಡು ಒರೆಸುತ್ತಲೇ ನಿಂತಿದ್ದಳು. ಆ ಹುಡುಗಿ ಬ್ಯಾಟ್ ನೆಲಕ್ಕೆ ಕುಟ್ಟಿ, "ಹಾಕ್ಬೇ, ಅಂಜಬ್ಯಾಡ" ಎಂದು ಕೂಗಿದಳು. ಮಿನಾಜ ಓಡಿಬಂದಳು. ನಾನು ಕಣ್ಣು ಮುಚ್ಚಿದೆ, ಅವಳು ಮುಚ್ಚಲಿಲ್ಲ. ಟಕ್ಕೆಂದು ಸದ್ದಾಯಿತು. ನೋಡಿದರೆ ನಡುವಿನ ವಿಕೆಟ್ ಮಲಗಿತ್ತು. ಔಟಾದವಳೇ ಬ್ಯಾಟ್ ಬಿಸಾಕಿ ಓಡಿಹೋಗಿ ಮಿನಾಜಳನ್ನು ತಬ್ಬಿ ಕುಣಿಯುತ್ತಿದ್ದಳು. ಊಟಕ್ಕೆ ಕೂತಾಗ ಮಗಳು ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ಎಷ್ಟು ಹಗುರಾದೆನೆಂದರೆ, ಒಲೆಯ ಮೇಲಿನ ರೊಟ್ಟಿ ಸೀದದ್ದೂ ತಿಳಿಯಲಿಲ್ಲ.

ನಿಮ್ಮ ಜೀವಕ್ಕೆ ಯಾವ ಕಷ್ಟವೂ ತಾಗದಿರಲಿ ಎಂದು ಪ್ರತಿ ನಮಾಜಿನಲ್ಲೂ ದುವಾ ಮಾಡುತ್ತೇನೆ.

ನಿಮ್ಮ
ಖಮರ

ಮತ್ತೆ: ದಮ್ಮಾಮಿಗೆ ಹೊರಟ ಅಬ್ದುಲ್ ಗನಿ ಭಾಯಿ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ಮಿನಾಜಳನ್ನು ಆಳಂದದ ಕ್ರಿಕೆಟ್ ಶಿಬಿರಕ್ಕೆ ಆರಿಸಿದ್ದಾರೆ. ಒಂದು ವಾರ ಅಲ್ಲೇ ಇರಬೇಕು. ಅಮ್ಮೀಜಾನ್, "ಅಕಿ ಅಬ್ಬಾಗ ಕೇಳದ ಕಳಸಬ್ಯಾಡ" ಅಂದರು. ನಾನು, "ಕೇಳೇನ್ರಿ, ಹೂಂ ಅಂದಾರ" ಅಂದುಬಿಟ್ಟೆ. ಫೋನಿನಲ್ಲಿ ನಿಮಗೆ ತಿಳಿಸೋಣವೆಂದರೆ ಅವರು ಪಕ್ಕದಲ್ಲೇ ಇರುತ್ತಾರೆ. ಬರುವ ಶುಕ್ರವಾರ ಅವರೇ ನಿಮ್ಮನ್ನು ಕೇಳುತ್ತಾರೆ. ನಿಮಗೆ ಕೈ ಮುಗಿಯುತ್ತೇನೆ, ಹೂಂ ಅಂದೇನಿ ಅಂತ ಹೇಳ್ರಿ.