ಬೆವರೋ ಕೈ

ಅಪ್ಪಾ,

ಇವತ್ತು ಲ್ಯಾಬಿನಲ್ಲಿ ನಾನು ಮಾಡಿದ್ದ ರಾಕೆಟ್ ಇಂಧನದ ಕಡ್ಡಿ ಒಂದೇ ಸಮ ಉರೀಲಿಲ್ಲ. ಅರ್ಧಕ್ಕೆ ಮಂಕಾಗಿ, ಆಮೇಲೆ ಹಳದಿಯಾಗಿ ಸಿಡೀತು. ಪರೀಕ್ಷೆ ಮಾಡಿದರೆ ಅದರಲ್ಲಿ ಉಪ್ಪು ಸೇರಿತ್ತು, ನನ್ನ ಕೈಬೆವರಿನದು. ಗ್ಲೌಸ್ ಹರಿದಿದ್ದು ನೋಡ್ಕೊಂಡಿರಲಿಲ್ಲ.

ಜಗಳೂರಿನ ನಮ್ಮ ಹಿತ್ತಲು ನೆನಪಾಯ್ತು. ನಿನ್ನ ಅಂಗಿಯ ಗಂಧಕದ ವಾಸನೆ ಇನ್ನೂ ಮೂಗಲ್ಲೈತೆ. ದೀಪಾವಳಿಗೆ ನೀನು ಬಾಣಬಿರುಸು ಕಟ್ಟುವಾಗ ನಾನು ಮದ್ದಿಗೆ ಕೈ ಹಾಕಿದರೆ, "ನಿನ್ನ ಕೈ ಬೆವರ್ತಾವೆ, ಮುಟ್ಟಬ್ಯಾಡವ್ವ" ಅಂದು ತಮ್ಮನ ಕೈಗೆ ಕೊಡ್ತಿದ್ದೆ. ಹೆಣ್ಣು ಅಂತ ನೀನು ನನ್ನ ದೂರ ಇಟ್ಟೆ ಅಂದ್ಕೊಂಡು, ನಿನ್ನ ಕೊನೇ ದೀಪಾವಳಿಗೂ ನಾನು ಊರಿಗೆ ಬರಲಿಲ್ಲ.

ನೀನು ಬೆವರು ಅಂತಲೇ ಹೇಳಿದ್ದೆ.

ಈ ಕಾಗದದಲ್ಲೂ ಹೆಬ್ಬೆರಳು ಊರಿದ ಜಾಗ ಒದ್ದೆಯಾಗೈತೆ.